ಪುಟ ಮತ್ತೆ ತೆರೆಸುವ ಆಟ

ಮೊಟ್ಟೆ ಟ್ರೇಯನ್ನು ಉದ್ದಕ್ಕೆ ಕತ್ತರಿಸಿ, ಹಸಿರು ಬಣ್ಣ ಬಳಿದು, ತಲೆಗೆರಡು ಮೀಸೆ ಅಂಟಿಸಿದ ಕಂಬಳಿಹುಳು ಚಿಕ್ಕ ಮಕ್ಕಳಿರುವ ಮನೆಯ ಫ್ರಿಜ್ ಮೇಲೆ ಒಂದಾದರೂ ಕೂತಿರುತ್ತದೆ. ಎರಿಕ್ ಕಾರ್ಲ್‌ನ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಓದಿ ಮುಗಿಸಿದ್ದಕ್ಕೆ ಅದೇ ಸಾಕ್ಷಿ. ಹುಳುವಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಹುಳು ಒಣಗುವ ಹೊತ್ತಿಗೆ ಪುಸ್ತಕ ಸೋಫಾ ಅಡಿಗೆ ಸೇರಿರುತ್ತದೆ, ತಕರಾರು ಅಲ್ಲಿದೆ. ಚಿತ್ರಪುಸ್ತಕ ಹಿಡಿದು ಮನೆಯಲ್ಲಿ ಆಡಿಸುವ ಆಟಕ್ಕೆ ನಾನು ಇಡುವ ಪರೀಕ್ಷೆ ಒಂದೇ: ಆಡುತ್ತ ಆಡುತ್ತ ಮಗು ಮತ್ತೆ ಪುಸ್ತಕದ ಹತ್ತಿರ ಓಡಬೇಕು.

1969ರ ಆ ಪುಸ್ತಕ ಕಾರ್ಲ್‌ಗೆ ಹೊಳೆದದ್ದೇ ಕಾಗದಕ್ಕೆ ಪಂಚಿಂಗ್ ಮೆಷಿನ್ನಿನಿಂದ ತೂತು ಹಾಕುತ್ತಿದ್ದಾಗ. ಮೊದಲು ತಲೆಯಲ್ಲಿದ್ದದ್ದು ಪುಸ್ತಕ ಕೊರೆಯುವ ಹುಳು. ಸಂಪಾದಕಿ ಆ್ಯನ್ ಬೆನೆಡ್ಯೂಸ್ ಜೊತೆ ಮಾತಾಡುತ್ತ ಅದು ಕಂಬಳಿಹುಳುವಾಯಿತು. ಹಾಗಾಗಿ ಆಟವೂ ತೂತಿನಿಂದಲೇ ಶುರುವಾಗಲಿ. ನಮ್ಮ ಕೋಡುಬಳೆ, ಉದ್ದಿನ ವಡೆಗಳಿಗೆ ಹುಳು ಬರುವ ಮುಂಚೆಯೇ ತೂತು ಬಿದ್ದಿರುತ್ತದೆ! ರಟ್ಟಿನ ಚೂರುಗಳ ಮೇಲೆ ಮಗುವೇ ತಿಂಡಿ ಬರೆಯಲಿ: ಸೋಮವಾರ ಒಂದು ಕೋಡುಬಳೆ, ಮಂಗಳವಾರ ಎರಡು ವಡೆ. ತೂತಿನೊಳಗೆ ದಾರ ಪೋಣಿಸುತ್ತ ಹೋಗುವುದು. ಬುಧವಾರ ಎಷ್ಟಿದ್ದವು ಅನ್ನುವ ಜಗಳ ಬಂದಾಗ ತೀರ್ಪಿಗೆ ಪುಸ್ತಕ ಬೇಕೇ ಬೇಕು. ಇಲ್ಲೇ ಅಡಿಲೇಡಿನಲ್ಲಿ ಹುಟ್ಟಿದ ಕನ್ನಡದ ಮಕ್ಕಳಿಗೆ ಮಂಗಳವಾರದ ಮುಂದೆ ನೇರ ಶುಕ್ರವಾರವೇ ಬರುವುದುಂಟು. ಆ ರಿಪೇರಿಯೂ ಜೊತೆಗೇ ಆಗುತ್ತದೆ. ಶನಿವಾರದ ಹೊಟ್ಟೆನೋವಿಗೆ ಕಾರ್ಲ್ ಹಸಿರು ಎಲೆ ತಿನ್ನಿಸುತ್ತಾನೆ. ನಮ್ಮಲ್ಲಾದರೆ ಓಮದ ನೀರು.

ಅಡಿಲೇಡಿನವರು ಮಾತ್ರ ಅಮೆರಿಕದ ಹುಳುವಿಗಾಗಿ ಕಾಯಬೇಕಾಗಿಲ್ಲ. ಈ ಊರಿನ ಮೆಮ್ ಫಾಕ್ಸ್ ಬರೆದು, ಜೂಲಿ ವಿವಾಸ್ ಚಿತ್ರ ಬಿಡಿಸಿದ ‘ಪಾಸಮ್ ಮ್ಯಾಜಿಕ್’ 1983ರಲ್ಲಿ ಇಲ್ಲಿಯದೇ ಆಮ್ನಿಬಸ್ ಬುಕ್ಸ್‌ನಿಂದ ಬಂದದ್ದು. ಅಜ್ಜಿ ಪಾಸಮ್ ಮಂತ್ರ ಹಾಕಿ ಮೊಮ್ಮಗಳನ್ನು ಮಾಯ ಮಾಡುತ್ತಾಳೆ, ವಾಪಸು ಕಾಣಿಸುವ ಮಂತ್ರ ಮರೆತಿದೆ. ಮನುಷ್ಯರ ತಿಂಡಿಯೇ ಮದ್ದು ಎಂದು ಇಬ್ಬರೂ ದೇಶ ಸುತ್ತುತ್ತಾರೆ: ಅಡಿಲೇಡಿನಲ್ಲಿ ಆ್ಯನ್‌ಝಾಕ್ ಬಿಸ್ಕತ್ತು, ಬ್ರಿಸ್ಬೇನಿನಲ್ಲಿ ಕುಂಬಳದ ಸ್ಕೋನ್, ಪರ್ತ್‌ನಲ್ಲಿ ಪಾವ್ಲೋವಾ. ಡಾರ್ವಿನ್‌ನ ವೆಜಿಮೈಟ್ ಸ್ಯಾಂಡ್‌ವಿಚ್ ತಿಂದಾಗ ಬಾಲ ಮೊದಲು ಕಾಣಿಸುತ್ತದೆ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಆಸ್ಟ್ರೇಲಿಯಾ ಬರೆದು, ಚೌಕಾಬಾರದ ಕವಡೆ ಹಾಕಿ ಊರಿಂದೂರಿಗೆ ಕಾಯಿ ನಡೆಸಿ. ಊರು ಮುಟ್ಟಿದವರು ಅಲ್ಲಿಯ ತಿಂಡಿ ಹೇಳಬೇಕು, ತಪ್ಪಿದರೆ ಪುಟ ತೆರೆದು ನೋಡಬೇಕು. ಮುಂದಿನ ವಾರ ಅದೇ ಆಟ ಕರ್ನಾಟಕದಲ್ಲಿ: ಬೆಳಗಾವಿ ಕುಂದಾ, ಗೋಕಾಕ ಕರದಂಟು, ಧಾರವಾಡ ಪೇಡಾ, ದಾವಣಗೆರೆ ಬೆಣ್ಣೆದೋಸೆ, ಮದ್ದೂರು ವಡೆ. ಬಾಲ ಯಾವ ಊರಲ್ಲಿ ಕಾಣಿಸಬೇಕೆಂದು ಮಗುವೇ ತೀರ್ಮಾನಿಸಲಿ. ದೊಡ್ಡವರು ಬಾಯಿ ಹಾಕಿದರೆ ಕೆಡುತ್ತದೆ, ಯಾಕೆಂದರೆ ಅಪ್ಪ ಧಾರವಾಡ ಅನ್ನುತ್ತಾನೆ, ಅಮ್ಮ ಮದ್ದೂರು ಬಿಡುವುದಿಲ್ಲ.

ಇಷ್ಟಾದರೂ ನನ್ನ ಒಲವು ಮಾತೇ ಇಲ್ಲದ, ಅಥವಾ ಇದ್ದೂ ಇಲ್ಲದಂಥ ಪುಸ್ತಕಗಳ ಕಡೆಗೆ. ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಓದಿ ಹೇಳುವಾಗ ಅಕ್ಷರ ಕಲಿತ ಮಗು ‘ಅಲ್ಲಿ ಹಾಗೆ ಬರೆದಿಲ್ಲ’ ಎಂದು ಕೈ ತಡೆಯುತ್ತದೆ. ಬರೆದದ್ದೇ ಇಲ್ಲದಿದ್ದರೆ ಆ ತಂಟೆಯೇ ಇಲ್ಲ. ಪ್ಯಾಟ್ ಹಚಿನ್ಸ್‌ಳ ‘ರೋಸೀಸ್ ವಾಕ್’ (1968) ಪೂರ್ತಿ ಪುಸ್ತಕಕ್ಕೆ ಇರುವುದು 32 ಪದ, ಅದರಲ್ಲಿ ನರಿಯ ಸುದ್ದಿಯೇ ಇಲ್ಲ. ಚಿತ್ರದಲ್ಲಿ ಮಾತ್ರ ಕೋಳಿಯ ಬೆನ್ನಿಗೇ ನರಿ. ಇದಕ್ಕೆ ಜೊತೆಯಾಗಲು ಊರಿನ ಅಜ್ಜಿಯೇ ಸರಿ. ಚಳಿಗಾಲದಲ್ಲಿ ಅಡಿಲೇಡಿನ ನಮ್ಮ ಮಾಸನ್ ಲೇಕ್ಸ್ ಬಡಾವಣೆಯಲ್ಲಿ ಸಂಜೆ ಏಳಾದರೆ ಹಾಸನದಲ್ಲಿ ಮಧ್ಯಾಹ್ನ ಮೂರು, ಅಜ್ಜಿ ಆಗತಾನೇ ಮಲಗೆದ್ದಿರುತ್ತಾರೆ. ವಿಡಿಯೋ ಕಾಲ್ ಹಚ್ಚಿ ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು ನೀವು ಅಡುಗೆಮನೆಗೆ ಹೋಗಿಬಿಡಿ.

‘ಅಜ್ಜೀ, ಕೋಳಿಗೆ ಗೊತ್ತೇ ಇಲ್ಲ!’

‘ಏನು ಗೊತ್ತಿಲ್ವೋ ಪುಟ್ಟಾ?’

‘ಹಿಂದೆ ನರಿ ಬರ್ತಿದೆ, ನೋಡಿ!’

‘ಅಯ್ಯೋ, ಕೂಗಿ ಹೇಳೋ ಅದಕ್ಕೆ! ತಡಿ ತಡಿ, ಆ ಹುಲ್ಲು ಬಾಚೋ ಕೋಲು ಹಿಂದಿನ ಪುಟದಲ್ಲಿ ಎಲ್ಲಿತ್ತು ತೋರಿಸು.’

ಇಂಗ್ಲಿಷ್ ಬಾರದ ಅಜ್ಜಿಗಿಂತ ಒಳ್ಳೆಯ ಮೇಷ್ಟ್ರು ಇಂಥ ಪುಸ್ತಕಕ್ಕೆ ಸಿಗಲಾರರು. ಆಮೇಲೆ ಮನೆಯೊಳಗೇ ಕೋಳಿಯ ದಾರಿ ಹಾಕಬಹುದು: ಮೇಜಿನ ಕೆಳಗೆ ನುಸಿದು, ದಿಂಬಿನ ಗುಡ್ಡೆ ಹತ್ತಿ, ಅಕ್ಕಿ ಡಬ್ಬ ಸುತ್ತಿ ಊಟದ ಹೊತ್ತಿಗೆ ಗೂಡು ಸೇರುವುದು. ನರಿ ಯಾರಾಗಬೇಕೆಂದು ಹೇಳಬೇಕಾಗಿಲ್ಲ, ತಮ್ಮಂದಿರು ಇರುವುದೇ ಅದಕ್ಕೆ.

ಮಾಸನ್ ಲೇಕ್ಸ್‌ಗೇ ಹೇಳಿ ಮಾಡಿಸಿದಂತಿರುವುದು ಜೀನಿ ಬೇಕರ್‌ಳ ‘ವಿಂಡೋ’ (1991). ಒಂದೂ ಮಾತಿಲ್ಲ. ಪುಟಪುಟಕ್ಕೂ ಒಂದೇ ಕಿಟಕಿ. ಒಳಗೆ ಹುಡುಗ ದೊಡ್ಡವನಾಗುತ್ತಾನೆ, ಹೊರಗೆ ಕಾಡು ಕರಗಿ ಊರಾಗುತ್ತದೆ. ಈ ಬಡಾವಣೆಯ ಕಥೆಯೂ ಅದೇ ತಾನೇ? ತೊಂಬತ್ತರ ದಶಕದ ಕೊನೆಗೆ ಮನೆಗಳು ಏಳುವ ಮುಂಚೆ ಇದು ಬಯಲು. ಕೆರೆಗಳೂ ಮನುಷ್ಯರು ತೋಡಿದವೇ, ತೋಟಕ್ಕೆ ಬಿಡುವ ಮರುಬಳಕೆ ನೀರಿಗೆ ನೇರಳೆ ಬಣ್ಣದ ನಲ್ಲಿ ಬೇರೆ. ಮನೆಯ ಒಂದು ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ, ಹೊರಗೆ ಕಂಡದ್ದನ್ನು ಗೆರೆಯಲ್ಲಿ ಹಿಡಿಯಲು ಹೇಳಿ. ತಿಂಗಳಿಗೊಂದು ಹಾಳೆ ಸಾಕು, ತಾರೀಖು ಹಾಕುವುದು ಮರೆಯಬೇಡಿ. ನಾಲ್ಕಾರು ಹಾಳೆ ಕೂಡಿದ ಮೇಲೆ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಎತ್ತರವಾದ ಗಮ್ ಗಿಡ, ಹೊಸ ಬೇಲಿ, ಪಕ್ಕದವರ ಕಾರು ಬದಲಾದದ್ದು ಎಲ್ಲ ಬಯಲಾಗುತ್ತದೆ. ಮಗು ಬೇಕರ್‌ಳ ಪುಟಗಳಲ್ಲೂ ಅದೇ ಕಣ್ಣಿನಿಂದ ವ್ಯತ್ಯಾಸ ಹುಡುಕತೊಡಗುತ್ತದೆ. ಪುಸ್ತಕ ಕೊಳ್ಳಬೇಕೆಂದೂ ಇಲ್ಲ, ಸೌತ್ ಆಸ್ಟ್ರೇಲಿಯಾದ ಸಾರ್ವಜನಿಕ ಗ್ರಂಥಾಲಯಗಳಿಗೆಲ್ಲ ಒಂದೇ ಕಾರ್ಡ್. ಬೇರೆ ಊರಿನ ಪುಸ್ತಕವನ್ನೂ ತರಿಸಿಕೊಳ್ಳಬಹುದು.

ಎಂಟು ಒಂಬತ್ತು ದಾಟಿದವರಿಗೆ ಶಾನ್ ಟಾನ್‌ನ ‘ದಿ ಅರೈವಲ್’ (2006). ಟಾನ್ ಪರ್ತ್‌ನಲ್ಲಿ ಬೆಳೆದವನು. ಒಬ್ಬ ಅಪ್ಪ ಹೆಂಡತಿ ಮಗಳನ್ನು ಬಿಟ್ಟು ಗುರುತು ಪರಿಚಯವಿಲ್ಲದ ದೇಶಕ್ಕೆ ಹೊರಡುವ ಕಥೆ, ಇದರಲ್ಲೂ ಮಾತಿಲ್ಲ. ಮೊದಲಿಗೇ ಅವನು ಮನೆಯವರ ಫೋಟೋ ಸುತ್ತಿ ಪೆಟ್ಟಿಗೆಯಲ್ಲಿಡುತ್ತಾನೆ. ಅಷ್ಟಕ್ಕೆ ನಿಲ್ಲಿಸಿ, ಮಗುವಿನ ಕೈಗೆ ಖಾಲಿ ಪೆಟ್ಟಿಗೆ ಬರೆದ ಹಾಳೆ ಕೊಡಿ: ನಿನ್ನ ಅಪ್ಪ ಈ ದೇಶಕ್ಕೆ ಬಂದಾಗ ಏನೇನು ತಂದಿದ್ದರು, ಕೇಳಿ ತುಂಬು. ಪ್ರೆಷರ್ ಕುಕ್ಕರ್, ಬನಿಯನ್ನಿನಲ್ಲಿ ಸುತ್ತಿದ ಚಟ್ನಿಪುಡಿ ಡಬ್ಬ, ವಿಮಾನ ನಿಲ್ದಾಣದಲ್ಲಿ ತೆಗೆದು ತೋರಿಸಬೇಕಾದ ಹುಣಸೆಹಣ್ಣು. ಅಪ್ಪನ ಪೆಟ್ಟಿಗೆ ತುಂಬುವಷ್ಟರಲ್ಲೇ ಅಮ್ಮ ಒಳಗಿನಿಂದ ತಿದ್ದುಪಡಿ ಶುರು ಮಾಡಿರುತ್ತಾರೆ, ಆ ಕುಕ್ಕರ್ ತಂದದ್ದು ನಾನು ಎಂದು. ಎರಡನೇ ಹಾಳೆ ಮೊದಲೇ ತೆಗೆದಿಟ್ಟುಕೊಂಡಿರಿ.