ಗ್ರೇಡ್ ಇರುವುದು ಎರಡನೇ ಕರಡಿನಲ್ಲಿ

ಅಮೆರಿಕದ ಕಾಲೇಜಿಗೆ ಮಗಳು ಕಂಪ್ಯೂಟರ್ ಸೈನ್ಸ್ ಓದಲು ಹೋಗಿರಲಿ, ಮಗ ಜೀವಶಾಸ್ತ್ರ ಓದಲು ಹೋಗಿರಲಿ, ಮೊದಲ ವರ್ಷದ ಇಂಗ್ಲಿಷ್ ಕಾಂಪೊಸಿಷನ್ ತರಗತಿಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಒಂದು ಕಡೆ ಅದನ್ನು ಇಂಗ್ಲಿಷ್ 101 ಎನ್ನುತ್ತಾರೆ, ಇನ್ನೊಂದು ಕಡೆ ಫಸ್ಟ್ ಇಯರ್ ರೈಟಿಂಗ್. ಅಲ್ಲಿ ಕಲಿಸುವುದು ಮುಖ್ಯವಾಗಿ ವಾದ ಕಟ್ಟಿ ಬರೆಯುವುದನ್ನು. ಪಿಯುಸಿ ಇಂಗ್ಲಿಷಿನಲ್ಲಿ ತೊಂಬತ್ತರ ಮೇಲೆ ತೆಗೆದ ನಮ್ಮ ಮಕ್ಕಳು ಅಲ್ಲಿನ ಮೊದಲ ಪ್ರಬಂಧಕ್ಕೆ ಸಿ ಪ್ಲಸ್ ಬಂದಾಗ ಕಂಗಾಲಾಗುತ್ತಾರೆ. ತಮ್ಮ ಇಂಗ್ಲಿಷ್ ಸಾಲದೇನೋ ಎಂದುಕೊಂಡು ದೊಡ್ಡ ದೊಡ್ಡ ಪದಗಳನ್ನು ಹುಡುಕಿ ಪೋಣಿಸತೊಡಗುತ್ತಾರೆ. ಮುಂದಿನ ಪ್ರಬಂಧಕ್ಕೂ ಅದೇ ಸಿ ಪ್ಲಸ್.

ಈ ತರಗತಿಗೆ ಒಂದು ಚರಿತ್ರೆ ಇದೆ, ಗ್ರೇಡಿನ ಗುಟ್ಟೂ ಅದರಲ್ಲೇ ಇದೆ. 1885ರಲ್ಲಿ ಹಾರ್ವರ್ಡ್ 'ಇಂಗ್ಲಿಷ್ ಎ' ಎಂಬ ಕೋರ್ಸನ್ನು ಮೊದಲ ವರ್ಷದವರಿಗೆ ಕಡ್ಡಾಯ ಮಾಡಿತು. ಅಲ್ಲಿ ಪಾಠ ಮಾಡುತ್ತಿದ್ದ ಬ್ಯಾರೆಟ್ ವೆಂಡೆಲ್ ವಿದ್ಯಾರ್ಥಿಗಳಿಂದ ದಿನಕ್ಕೊಂದು ಪುಟ್ಟ ಬರಹ ಬರೆಸುತ್ತಿದ್ದರು. ಆ ಕಾಲಕ್ಕೆ ಕಾಗುಣಿತ, ವಿರಾಮಚಿಹ್ನೆ, ವಾಕ್ಯಶುದ್ಧಿಗೆ ಬಹಳ ಬೆಲೆ. 1970ರ ದಶಕದಲ್ಲಿ ಗಾಳಿ ತಿರುಗಿತು. 1972ರಲ್ಲಿ ಡೊನಾಲ್ಡ್ ಮರ್ರೆ, 1973ರಲ್ಲಿ ಪೀಟರ್ ಎಲ್ಬೋ, ಸಿದ್ಧ ಬರಹಕ್ಕಿಂತ ಬರೆಯುತ್ತಾ ಹೋಗುವ ಕ್ರಮವನ್ನೇ ಕಲಿಸಬೇಕೆಂದು ಪಟ್ಟು ಹಿಡಿದರು. 1980ರಲ್ಲಿ ನ್ಯಾನ್ಸಿ ಸಾಮರ್ಸ್ ಒಂದು ಅಧ್ಯಯನ ಪ್ರಕಟಿಸಿದರು. 20 ಮಂದಿ ಹೊಸ ವಿದ್ಯಾರ್ಥಿಗಳು, 20 ಮಂದಿ ಪಳಗಿದ ಬರಹಗಾರರು. ಪ್ರತಿಯೊಬ್ಬರೂ ಮೂರು ಪ್ರಬಂಧ ಬರೆದು, ಒಂದೊಂದನ್ನೂ ಎರಡು ಸಲ ತಿದ್ದಿ ಬರೆದರು. ವಿದ್ಯಾರ್ಥಿಗಳಿಗೆ ತಿದ್ದುವುದೆಂದರೆ ಪದ ಬದಲಿಸುವುದು, ಮತ್ತೆ ಬಂದ ಪದವನ್ನು ಹೊಡೆದುಹಾಕುವುದು. ಪಳಗಿದವರು ಮೊದಲ ಕರಡನ್ನು ಮುಂದಿಟ್ಟುಕೊಂಡು ತಮ್ಮ ವಾದ ಯಾವುದೆಂದು ಹುಡುಕುತ್ತಿದ್ದರು. ಓದುಗನೊಬ್ಬ ಎದುರು ಕೂತು ಪ್ರಶ್ನೆ ಕೇಳುತ್ತಿದ್ದಾನೆ ಎಂದು ಭಾವಿಸಿ, ಬೇಕಾದರೆ ಇಡೀ ಪುಟವನ್ನೇ ಕಿತ್ತು ಹಾಕುತ್ತಿದ್ದರು. ಕಾಂಪೊಸಿಷನ್ ಪಾಠ ಮಾಡುವವರ ವಲಯದಲ್ಲಿ ಇಂದಿಗೂ ಮತ್ತೆ ಮತ್ತೆ ಓದುವ ಲೇಖನ ಅದು. ಬಿ ಮತ್ತು ಎ ಗ್ರೇಡುಗಳ ನಡುವಿನ ಅಂತರ ನನ್ನ ಮಟ್ಟಿಗೆ ಇಷ್ಟೇ.

ಹತ್ತಿರದಿಂದ ನೋಡೋಣ. ತರಗತಿಯಲ್ಲಿ ಲ್ಯಾಪ್‌ಟಾಪ್ ನಿಷೇಧಿಸಬೇಕೆ ಎಂಬ ವಿಷಯ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ನಮ್ಮ ಹುಡುಗಿಯ ಮೊದಲ ಕರಡು ಕಂಪ್ಯೂಟರಿನ ಮಹತ್ವದಿಂದ ಶುರುವಾಗುತ್ತದೆ. ಎರಡನೇ ಪ್ಯಾರಾದಲ್ಲಿ ಅನುಕೂಲಗಳು, ಮೂರನೆಯದರಲ್ಲಿ ಅನನುಕೂಲಗಳು. ಲ್ಯಾಪ್‌ಟಾಪಿನಿಂದ ಒಳಿತೂ ಇದೆ, ಕೆಡುಕೂ ಇದೆ ಎಂಬುದೇ ಮುಖ್ಯ ವಾಕ್ಯ. ಹೈಸ್ಕೂಲಿನಿಂದ ನಾವು ಅವಳಿಗೆ ಕಲಿಸಿದ್ದು ಇದನ್ನೇ. ಈ ವಾಕ್ಯವನ್ನು ಯಾರೂ ಅಲ್ಲಗಳೆಯಲಾರರು, ಆದ್ದರಿಂದ ಅದನ್ನು ಸಾಧಿಸಿ ತೋರಿಸುವ ಕೆಲಸವೂ ಉಳಿದಿಲ್ಲ. ಆದರೆ ನಾಲ್ಕನೇ ಪ್ಯಾರಾದ ಮಧ್ಯದಲ್ಲಿ ಒಂದು ಮಾತು ತಾನಾಗಿ ಬಂದಿದೆ: ಪ್ರೊಫೆಸರರ ಉಚ್ಚಾರಣೆ ಥಟ್ಟನೆ ತಿಳಿಯದಾಗ ಆಕೆ ಆ ಪದವನ್ನು ಅಲ್ಲೇ ಟೈಪ್ ಮಾಡಿ ಹುಡುಕುತ್ತಾಳೆ. ಇಡೀ ಕರಡಿನಲ್ಲಿ ಜೀವ ಇರುವುದು ಇಲ್ಲಿ.

ಎರಡನೇ ಕರಡಿನಲ್ಲಿ ಅದೇ ಮಾತು ಮುಂದಕ್ಕೆ ಬರಬೇಕು. ದೊಡ್ಡ ಉಪನ್ಯಾಸ ತರಗತಿಗಳಲ್ಲಿ ಲ್ಯಾಪ್‌ಟಾಪ್ ನಿಷೇಧಿಸಿದರೆ ಹೆಚ್ಚು ಪೆಟ್ಟು ಬೀಳುವುದು ಆ ದೇಶದ ಇಂಗ್ಲಿಷಿಗೆ ಇನ್ನೂ ಕಿವಿ ಹೊಂದದವರಿಗೆ, ಏಕೆಂದರೆ ಪಾಠ ನಡೆಯುತ್ತಿರುವಾಗಲೇ ಅರ್ಥ ಹುಡುಕಿಕೊಳ್ಳಲು ಅವರಿಗಿರುವ ಸಾಧನ ಅದೊಂದೇ. ಈ ಮಾತಿಗೆ ಎದುರಾಡಬಹುದು. ಫೋನ್ ಇಲ್ಲವೇ, ಪಕ್ಕದವರನ್ನು ಕೇಳಬಾರದೇ, ಪರದೆಯಿಂದ ಹಿಂದೆ ಕೂತವರ ಗಮನ ಕೆಡುವುದಿಲ್ಲವೇ ಎಂದು ಕೇಳಬಹುದು. ಹಾಗೆ ಕೇಳಿದಾಗಲೇ ಪ್ರಬಂಧಕ್ಕೆ ಕೆಲಸ ಸಿಗುವುದು. ಕಂಪ್ಯೂಟರಿನ ಮಹತ್ವದ ಪ್ಯಾರಾ ಪೂರ್ತಿ ಹೋಗಬೇಕು. ಬರೆದದ್ದನ್ನು ಬಿಸಾಡಲು ಮನಸ್ಸು ಬಾರದು, ನಿಜ. ಆದರೆ ಆ ಪ್ಯಾರಾ ಬರೆದದ್ದು ನಾಲ್ಕನೆಯದಕ್ಕೆ ತಲುಪಲಿಕ್ಕೆ. ತಲುಪಿದ ಮೇಲೆ ಅದರ ಕೆಲಸ ಮುಗಿಯಿತು.

ಚಾಟ್‌ಜಿಪಿಟಿಯ ಕೈಯಲ್ಲಿ ಮೊದಲ ಕರಡು ಬರೆಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಸಿಕ್ಕಿಬೀಳುವ ಭಯ ಹಾಗಿರಲಿ. ಯಂತ್ರ ಕೊಡುವ ಕರಡಿನಲ್ಲಿ ಅನುಕೂಲ, ಅನನುಕೂಲ ಎಲ್ಲವೂ ನೀಟಾಗಿ ಇರುತ್ತವೆ. ಆ ಹುಡುಗಿ ತರಗತಿಯಲ್ಲಿ ಕೂತು ಪದ ಹುಡುಕಿದ ಸಂಗತಿ ಮಾತ್ರ ಇರುವುದಿಲ್ಲ. ಈಗ ಅನೇಕ ಅಧ್ಯಾಪಕರು ಕರಡುಗಳನ್ನೂ ಕೇಳುತ್ತಾರೆ, ಆದ್ದರಿಂದ ಪ್ರತಿ ಹಂತದ ಕಡತವನ್ನೂ ಉಳಿಸಿಕೊಳ್ಳಿ. ಗೈಡಿನ ಉತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಇಲ್ಲಿ ಶಹಭಾಸ್ ಸಿಗುತ್ತದೆ. ಅಲ್ಲಿ ಅದು ಕೃತಿಚೌರ್ಯ, ಶಿಕ್ಷೆ ಸೊನ್ನೆಯಿಂದ ಹಿಡಿದು ಕೋರ್ಸಿನಲ್ಲೇ ಫೇಲ್ ಆಗುವವರೆಗೆ ಹೋಗಬಹುದು.

ಕರಡು ಮುಗಿದ ಮೇಲೆ ಪ್ರತಿ ಪ್ಯಾರಾದ ಪಕ್ಕದಲ್ಲಿ ಒಂದೇ ಸಾಲು ಬರೆಯಿರಿ: ಇದು ಏನು ಹೇಳುತ್ತದೆ? ಎರಡು ಪ್ಯಾರಾಗಳಿಗೆ ಒಂದೇ ಸಾಲು ಬಂದರೆ ಕೂಡಿಸಿ. ಒಂದು ಪ್ಯಾರಾಕ್ಕೆ ಮೂರು ಸಾಲು ಬೇಕಾದರೆ ಒಡೆಯಿರಿ. ಕೊನೆಗೆ ಆ ಸಾಲುಗಳನ್ನಷ್ಟೇ ಮೇಲಿಂದ ಕೆಳಗೆ ಓದಿದಾಗ ವಾದ ಕೇಳಿಸಬೇಕು. ಇದನ್ನು ರಿವರ್ಸ್ ಔಟ್‌ಲೈನ್ ಎನ್ನುತ್ತಾರೆ. ಕಾಂಪೊಸಿಷನ್ ತರಗತಿ ಕೊಡುವ ಸಾಧನಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದು. ಕನ್ನಡದಲ್ಲಿ ಅಂಕಣ ಬರೆಯುವಾಗಲೂ ಬಳಸುತ್ತೇನೆ.

ಉದ್ಧರಣೆಯ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು. ಯಾರೋ ಹೇಳಿದ ಒಂದು ಸಾಲನ್ನು ತಂದಿಟ್ಟು ಮುಂದೆ ನಡೆದುಬಿಡುತ್ತಾರೆ. ಹೇಳಿದವರು ಯಾರು, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದು ಮೊದಲು ಬರಬೇಕು. ಆಮೇಲೆ ಅವರ ಮಾತು. ಅದರ ಬೆನ್ನಿಗೇ, ಅದರಿಂದ ನನ್ನ ವಾದಕ್ಕೆ ಏನಾಯಿತು ಎಂಬುದು ನನ್ನದೇ ಮಾತಿನಲ್ಲಿ ಬರಬೇಕು. ಜೆರಾಲ್ಡ್ ಗ್ರಾಫ್ ಮತ್ತು ಕ್ಯಾಥಿ ಬರ್ಕೆನ್‌ಸ್ಟೈನ್ 2006ರಲ್ಲಿ ತಂದ 'ದೇ ಸೇ / ಐ ಸೇ' ಎಂಬ ಪುಸ್ತಕ ನಿಂತಿರುವುದೇ ಈ ತತ್ವದ ಮೇಲೆ. ವಿಮಾನ ಹತ್ತುವ ಮುಂಚೆ ಓದಬೇಕಾದ ಪುಸ್ತಕ ಒಂದೇ ಇದ್ದರೆ ಅದು ಇದು.

ಕೇಳಿ ಪಡೆಯಬೇಕಾದ ನೆರವನ್ನು ಕೇಳದೆ ಕೂರುವುದು ನಮ್ಮ ಮಕ್ಕಳ ಇನ್ನೊಂದು ಸ್ವಭಾವ. ಅಧ್ಯಾಪಕರ ಆಫೀಸ್ ಅವರ್ಸ್ ಇರುವುದು ವಿದ್ಯಾರ್ಥಿಗಳಿಗಾಗಿಯೇ. ಅಲ್ಲಿಗೆ ಹೋಗಿ 'ಸರಿ ಇದೆಯಾ' ಎಂದು ಕೇಳಿದರೆ ಪ್ರಯೋಜನ ಕಡಿಮೆ. 'ಮೂರನೇ ಪ್ಯಾರಾ ನನ್ನ ವಾದವನ್ನು ಎತ್ತಿ ಹಿಡಿಯುತ್ತಿದೆಯೇ' ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ಒಂದು ಗ್ರೇಡಿನಷ್ಟು ತಿಳಿವಳಿಕೆ ಸಿಗುತ್ತದೆ. ಬಹುತೇಕ ಕಾಲೇಜುಗಳಲ್ಲಿ ಉಚಿತ ರೈಟಿಂಗ್ ಸೆಂಟರ್ ಕೂಡ ಇದೆ. ಪರ್ಡ್ಯೂ ವಿಶ್ವವಿದ್ಯಾಲಯ 1976ರಲ್ಲಿ ಆರಂಭಿಸಿದ ರೈಟಿಂಗ್ ಲ್ಯಾಬ್ 1994ರಲ್ಲಿ ಇಂಟರ್ನೆಟ್ಟಿಗೂ ಬಂತು. ಅದರ ಪಾಠಗಳನ್ನು ಬೆಂಗಳೂರಿನಲ್ಲಿ ಕೂತೇ ಓದಬಹುದು.

ವಿಷಯ ಕೊಟ್ಟ ಹಾಳೆಯಲ್ಲಿರುವ ಕ್ರಿಯಾಪದಕ್ಕೆ ಅಡಿಗೆರೆ ಹಾಕಿ. ವಿಶ್ಲೇಷಿಸಿ ಎಂದವರಿಗೆ ಸಾರಾಂಶ ಕೊಟ್ಟರೆ ಎಷ್ಟು ಚೆನ್ನಾಗಿ ಬರೆದರೂ ಬಿ ದಾಟುವುದು ಕಷ್ಟ. ರೂಬ್ರಿಕ್, ಅಂದರೆ ಗ್ರೇಡ್ ಕೊಡುವ ಮಾನದಂಡಗಳ ಪಟ್ಟಿ, ಕೊಟ್ಟಿದ್ದರೆ ಬರೆಯುವ ಮೊದಲೇ ಓದಿ. ಪ್ರಬಂಧದ ವಿನ್ಯಾಸಕ್ಕೆ ಎಂಎಲ್‌ಎ ಎಂಬ ಶೈಲಿ ಕೇಳಿದ್ದರೆ ಸಾಲುಗಳ ನಡುವೆ ದುಪ್ಪಟ್ಟು ಅಂತರ, ಸುತ್ತ ಒಂದು ಇಂಚು ಅಂಚು. ಅಮೆರಿಕದವರು ಅಲ್ಪವಿರಾಮ, ಪೂರ್ಣವಿರಾಮಗಳನ್ನು ಉದ್ಧರಣ ಚಿಹ್ನೆಯ ಒಳಗೇ ಇಡುತ್ತಾರೆ.

ವ್ಯಾಕರಣ ಕಟ್ಟಕಡೆಗೆ. ಕಿತ್ತು ಹಾಕಬೇಕಾದ ಪ್ಯಾರಾದ ತಪ್ಪುಗಳನ್ನು ತಿದ್ದುವುದು ವ್ಯರ್ಥ ಶ್ರಮ. ಕನ್ನಡದಲ್ಲಿ ಆರ್ಟಿಕಲ್‌ಗಳಿಲ್ಲವಾದ್ದರಿಂದ 'ಎ', 'ದಿ' ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಎಷ್ಟು ಓದಿಕೊಂಡವರಿಗೂ ಕೈಕೊಡುತ್ತದೆ. ಸಲ್ಲಿಸುವ ಹಿಂದಿನ ದಿನ ಕಾಗದದ ಮೇಲೆ ಪ್ರಿಂಟ್ ತೆಗೆದು ಒಮ್ಮೆ ಅವುಗಳಿಗಾಗಿಯೇ ಓದಿ, ಇನ್ನೊಮ್ಮೆ ಕ್ರಿಯಾಪದದ ಕಾಲಕ್ಕಾಗಿ ಓದಿ, ಮೂರನೇ ಸಲ ರೂಮ್‌ಮೇಟ್‌ಗೆ ಕೇಳಿಸುವಂತೆ ಗಟ್ಟಿಯಾಗಿ ಓದಿ.