‘ಲಾರ್ಕ್ ರೈಸ್’ ಮತ್ತು ಸ್ವಭಾವೋಕ್ತಿ

ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದೆಂದು ದಂಡಿಯು ಎಣಿಸಿದನು. ಅದು ಅಲಂಕಾರವಲ್ಲ, ಅಲಂಕಾರ್ಯವೆಂದು ಕುಂತಕನು ಅದನ್ನು ನಿರಾಕರಿಸಿದನು. ಈ ಹಳೆಯ ವಿವಾದಕ್ಕೆ ಆಂಗ್ಲೇಯರ ಒಂದು ಗ್ರಾಮಸ್ಮೃತಿಯು ಒಳ್ಳೆಯ ಒರೆಗಲ್ಲಾಗಬಲ್ಲದು. ಫ್ಲೋರಾ ಥಾಮ್ಸನ್ ಎಂಬಾಕೆಯು 1939ರಲ್ಲಿ ಪ್ರಕಟಿಸಿದ ‘ಲಾರ್ಕ್ ರೈಸ್’ ಆ ಗ್ರಂಥ. ಆಕ್ಸ್‌ಫರ್ಡ್‌ಷೈರಿನ ಜೂನಿಪರ್ ಹಿಲ್ ಎಂಬ ಸಣ್ಣ ಹಳ್ಳಿಯಲ್ಲಿ ಕಲ್ಲುಕುಟಿಗನೊಬ್ಬನ ಮಗಳಾಗಿ 1876ರಲ್ಲಿ ಹುಟ್ಟಿದ ಈಕೆಯು, ಅರುವತ್ತು ದಾಟಿದ ಮೇಲೆ ಬಾಲ್ಯದ ಊರನ್ನು ಬೇರೆ ಹೆಸರಿನಿಂದ ಚಿತ್ರಿಸಿದಳು. ತನಗೂ ಬೇರೆ ಹೆಸರಿಟ್ಟುಕೊಂಡಳು. ಗ್ರಂಥದಲ್ಲಿ ‘ನಾನು’ ಇಲ್ಲ; ಲಾರಾ ಎಂಬ ಹುಡುಗಿ ಇದ್ದಾಳೆ.

ಕಥಾವಸ್ತುವೆಂಬುದು ಇದರಲ್ಲಿ ಇಲ್ಲವೆಂದೇ ಹೇಳಬಹುದು. ಹೊಲದ ಆಳಿಗೆ ವಾರಕ್ಕೆ 10 ಷಿಲಿಂಗು ಕೂಲಿ, ಮನೆಯ ತುಂಬ ಮಕ್ಕಳು, ಹಿತ್ತಲಿನಲ್ಲೊಂದು ಹಂದಿ. ಮಕ್ಕಳು ದಾರಿಬದಿಯ ಸೊಪ್ಪನ್ನು ಕಿತ್ತು, ಬೇಲಿಯ ಬಸವನಹುಳುಗಳನ್ನು ಆಯ್ದು ಅದಕ್ಕೆ ತಂದು ಹಾಕುವರು. ಅದರ ಮೇವಿಗೆ ಕಾಸು ಸಾಲದವರು ರೊಟ್ಟಿಯಂಗಡಿಯವನಿಗೋ ಹಿಟ್ಟಿನ ಗಿರಣಿಯವನಿಗೋ ಅರ್ಧ ಹಂದಿಯನ್ನು ಮುಂಗಡವಾಗಿಯೇ ಒತ್ತೆಯಿಡುವರು. ಶಾಕಾಹಾರಿಯಾದ ಓದುಗನಿಗೆ ಆ ಪ್ರಾಣಿಯನ್ನು ಕೊಲ್ಲುವ ಪ್ರಸಂಗವು ಬೀಭತ್ಸವಾಗಿ ತೋರುವುದು ಸಹಜವೇ. ಆದರೆ ಇನ್ನೂ ಬದುಕಿರುವ ಹಂದಿಯ ಅರ್ಧಭಾಗವು ಆಗಲೇ ಪರರ ಸೊತ್ತೆಂಬ ಆ ಒಂದು ಸಂಗತಿಯು, ದಾರಿದ್ರ್ಯವನ್ನು ಕುರಿತ ಹತ್ತು ವಿಶೇಷಣಗಳು ಮಾಡಲಾರದ ಕೆಲಸವನ್ನು ಮಾಡುತ್ತದೆ.

ಇನ್ನೊಂದು ಚಿತ್ರ. ಕೊಯ್ಲು ಮುಗಿದ ಹೊಲಗಳಲ್ಲಿ ಹೆಂಗಸರೂ ಮಕ್ಕಳೂ ಹಕ್ಕಲು ಆಯುತ್ತಾರೆ. ಆ ಕಾಳನ್ನು ಬೀಸಿಸಿ ತಂದ ಹಿಟ್ಟಿನ ಚೀಲವನ್ನು ಒಳಗೆ ಸೇರಿಸದೆ, ನೆರೆಯವರ ಕಣ್ಣಿಗೆ ಬೀಳಲೆಂದು ನಡುಮನೆಯ ಕುರ್ಚಿಯ ಮೇಲೆ ಕೆಲವು ದಿನ ಇಟ್ಟಿರುತ್ತಾರೆ. ಆ ಕುರ್ಚಿಯು ಕಲ್ಪಿತವಲ್ಲ, ಕಂಡದ್ದು. ಆದರೂ ಕಂಡ ನೂರು ವಸ್ತುಗಳಲ್ಲಿ ಅದನ್ನೇ ಆರಿಸಿ ಚೀಲವನ್ನು ಅಲ್ಲಿ ಕೂರಿಸಿದ್ದು ಕವಿವ್ಯಾಪಾರವಲ್ಲದೆ ಮತ್ತೇನು? ವಸ್ತುವಕ್ರತೆಯೆಂಬ ಹೆಸರಿನಿಂದ ಕುಂತಕನೂ ಇದನ್ನು ಒಪ್ಪಿಯಾನು.

ಮುಂದಿನ ಎರಡು ಸಂಪುಟಗಳು (1941, 1943) ಓದಲು ಹಿತವಾಗಿದ್ದರೂ ಇಷ್ಟು ಸಾಂದ್ರವಾಗಿಲ್ಲ. ಮೂರನ್ನೂ ಒಂದಾಗಿ 1945ರಲ್ಲಿ ಮುದ್ರಿಸಿದಾಗ ಮ್ಯಾಸಿಂಗ್‌ಹ್ಯಾಮನು ಬರೆದ ಮುನ್ನುಡಿಯು, ಇದನ್ನು ಅಳಿದುಹೋದ ಅಖಂಡ ಗ್ರಾಮಜೀವನದ ಶೋಕಗೀತವೆಂಬಂತೆ ಓದುವ ರೂಢಿಗೆ ದಾರಿಮಾಡಿತು. ಆ ಓದಿಗೆ ಗ್ರಂಥಕರ್ತ್ರಿಯೂ ಎಡೆಗೊಟ್ಟಿದ್ದಾಳೆಂಬುದನ್ನು ಮರೆಮಾಚಲಾಗದು. ಆಗಿನವರು ಹೆಚ್ಚು ಬಡವರು, ಆದರೆ ಹೆಚ್ಚು ಸುಖಿಗಳು ಎಂಬರ್ಥದ ಮಾತೊಂದು ಅವಳಲ್ಲಿಯೇ ಉಂಟು. ಇದು ಲಾರಾ ಕಂಡದ್ದಲ್ಲ, ವೃದ್ಧೆಯು ತೀರ್ಮಾನಿಸಿದ್ದು. ಒತ್ತೆಬಿದ್ದ ಹಂದಿಯೇ ಅದಕ್ಕೆ ಪ್ರತಿಸಾಕ್ಷಿ. ಹುಡುಗಿಯ ಕಣ್ಣು ನೋಡುತ್ತಿರುವವರೆಗೆ ದೋಷವಿಲ್ಲ. ಆಕೆಯನ್ನು ಬದಿಗೊತ್ತಿ ಮುದುಕಿಯು ವಾದಕ್ಕೆ ನಿಂತಲ್ಲಿ ಔಚಿತ್ಯವು ಕೆಡುತ್ತದೆ.

ಪ್ರಥಮ ಸಂಪುಟದ ಅಂತ್ಯದಲ್ಲಿ ಅಂತಹ ವಾದವಿಲ್ಲ. ಲೇಖಕಿಯ ತಮ್ಮ ಎಡ್ವಿನ್ 1916ರಲ್ಲಿ ಯುದ್ಧದಲ್ಲಿ ಮಡಿದನು. ಗ್ರಂಥದಲ್ಲಿ ಅವನು ಎಡ್ಮಂಡ್. ಅಷ್ಟು ಸಣ್ಣ ಹಳ್ಳಿಯಿಂದ ಹೋಗಿ ಹಿಂದಿರುಗದವರು ಹನ್ನೊಂದು ಮಂದಿ. ಚರ್ಚಿನ ಗೋಡೆಯ ಹಿತ್ತಾಳೆಯ ಫಲಕದಲ್ಲಿ ಐದೈದರಂತೆ ಎರಡು ಸಾಲು ಹೆಸರುಗಳು. ಕೆಳಗೆ ಒಂಟಿಯಾಗಿ ಎಡ್ಮಂಡನದು. ಅದರ ಮುಂದೆ ಆಕೆ ಒಂದು ಮಾತನ್ನೂ ಸೇರಿಸಿಲ್ಲ.