ಕೇಲೆಬ್ ಅಂದರೆ ನಾಯಿಯೇ?

ಓದುಗರೊಬ್ಬರು ಹೆಸರಿನ ಕೈಪಿಡಿಯೊಂದರಿಂದ ಪುಟ ಹರಿದು ಕಳಿಸಿ, ‘ಕೇಲೆಬ್ ಅಂದರೆ ನಿಷ್ಠಾವಂತ, ಸರಿ ತಾನೇ?’ ಎಂದು ಕೇಳಿದ್ದಾರೆ. ಎಡಕ್ಕೆ ಹೆಸರು, ಬಲಕ್ಕೆ ಒಂದೇ ಪದದ ಅರ್ಥ, ನಡುವೆ ಒಂದು ಗೆರೆ. ಈ ಕೈಪಿಡಿ ಪಂಗಡದ ಜತೆ ನನ್ನದು ಹಳೆಯ ಜಗಳ: ಜನ ಹೆಸರಿಡುವುದು ಪದದ ಅರ್ಥ ನೋಡಿ ಅಲ್ಲ, ಆ ಹೆಸರು ಹೊತ್ತ ಆಸಾಮಿಯನ್ನು ನೋಡಿ.

ಹೀಬ್ರೂವಿನಲ್ಲಿ ಆ ಹೆಸರಿಗೆ ತೀರಾ ಹತ್ತಿರದ ಪದ ‘ಕೆಲೆವ್’, ನಾಯಿ. ಕೈಪಿಡಿಯವರು ನಾಯಿಯನ್ನು ಬಚ್ಚಿಟ್ಟು ಅದರ ನಿಯತ್ತನ್ನಷ್ಟೇ ಅಚ್ಚು ಹಾಕಿದ್ದಾರೆ. ಅದೂ ಇರಲಿ. ಮಗನಿಗೆ ಈ ಹೆಸರಿಟ್ಟು, ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ ಅಮೆರಿಕದ ರೈತನಿಗೆ ಹೀಬ್ರೂ ಎಲ್ಲಿಂದ ಬರಬೇಕು? ಅವನು ಬೈಬಲ್ ತೆರೆದು ಆರಿಸಿದ್ದು ಆಸಾಮಿಯನ್ನು. ಅರ್ಥದ ಗೊಡವೆ ಅವನಿಗಿರಲಿಲ್ಲ.

ಆ ಆಸಾಮಿಯ ಕಥೆ ಅರಣ್ಯಕಾಂಡದಲ್ಲಿದೆ. ಎಷ್ಟು ಸಲ ಓದಿದರೂ ನನಗೆ ಸಾಲದು. ಕಾನಾನ್ ದೇಶ ಹೇಗಿದೆ ನೋಡಿ ಬನ್ನಿ ಎಂದು ಮೋಶೆ 12 ಜನರನ್ನು ಕಳಿಸುತ್ತಾನೆ. 40 ದಿನ ಸುತ್ತಿ ಬಂದವರು ದಾಳಿಂಬೆ, ಅಂಜೂರ ತಂದಿದ್ದಾರೆ. ದ್ರಾಕ್ಷಿ ಗೊಂಚಲಂತೂ ಒಬ್ಬನ ಕೈಲಿ ಆಗದೆ ಕೋಲಿಗೆ ಕಟ್ಟಿ ಇಬ್ಬರು ಹೊತ್ತಿದ್ದಾರೆ. ನೆಲವೇನೋ ಬಂಗಾರ, ಆದರೆ ಅಲ್ಲಿರುವವರು ದೈತ್ಯರು, ಅವರ ಮುಂದೆ ನಾವು ಮಿಡತೆಗಳು ಎಂದು 10 ಜನ ಅಳುಮೋರೆ ಹಾಕುತ್ತಾರೆ. ಹೋಗೋಣ, ಗೆದ್ದೇ ಗೆಲ್ಲುತ್ತೇವೆ ಎಂದವನು ಕೇಲೆಬ್, ನಮ್ಮ ಕನ್ನಡ ಬೈಬಲಿನ ಕಾಲೇಬ. ಅವನಿಗೆ ಜತೆಗೂಡಿದವನು ಯೆಹೋಶುವ. ಜನ ಇಬ್ಬರಿಗೂ ಕಲ್ಲು ಹೊಡೆಯಲು ಎದ್ದರು. ಕೊನೆಗೆ ಆ ತಲೆಮಾರಿನ ಗಂಡಾಳುಗಳೆಲ್ಲ ಮರಳುಗಾಡಿನಲ್ಲೇ ಸವೆದುಹೋಗಿ, ಕಾನಾನ್ ಮುಟ್ಟಿದ್ದು ಈ ಇಬ್ಬರೇ. ಅಷ್ಟಕ್ಕೂ ಸುಮ್ಮನಾಗದೆ, 85ನೇ ವಯಸ್ಸಿನಲ್ಲಿ ಕೇಲೆಬ್ ಬಂದು ಆ ದೈತ್ಯರಿರುವ ಬೆಟ್ಟವನ್ನೇ ತನ್ನ ಪಾಲಿಗೆ ಕೊಡು ಎಂದು ಕೇಳುತ್ತಾನೆ. ಮೈಯಲ್ಲಿ ಅಂದಿನ ಕಸುವು ಹಾಗೇ ಇದೆಯಂತೆ!

ಈಗ 1844ಕ್ಕೆ ಬನ್ನಿ. ಮಿಸೌರಿ ನದಿಯ ದಡದಿಂದ ಸುಮಾರು 50 ಜನರ ತಂಡವೊಂದು ಎತ್ತಿನ ಗಾಡಿಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟಿತು. ಸಿಯೆರಾ ನೆವಾಡಾ ಬೆಟ್ಟಸಾಲನ್ನು ಗಾಡಿ ಸಮೇತ ಮೊದಲು ದಾಟಿದವರು ಇವರೇ. ಮುಖಂಡ ಎಲೈಶಾ ಸ್ಟೀವನ್ಸ್. ದಾರಿ ತೋರಿಸಲು ಜತೆಗಿದ್ದವನು ಮುದಿ ಬೇಟೆಗಾರ, ಆಗಲೇ 80ರ ಆಸುಪಾಸು ಎಂದು ಪ್ರತೀತಿ. ಅವನ ಹೆಸರು ಕೇಲೆಬ್ ಗ್ರೀನ್‌ವುಡ್. ಹೆಸರಿಟ್ಟವರಿಗೆ ಇದಕ್ಕಿಂತ ಇನ್ನೇನು ಬೇಕು? ಒಂದು ವ್ಯತ್ಯಾಸವುಂಟು. ಬೈಬಲಿನವನು ಬೆಟ್ಟದವರನ್ನು ಓಡಿಸಿದ. ಇವನು ಕ್ರೋ ಬುಡಕಟ್ಟಿನ ಹೆಣ್ಣನ್ನು ಮದುವೆಯಾಗಿ ಮಕ್ಕಳನ್ನು ಪಡೆದಿದ್ದ. ಆ ಮಕ್ಕಳೂ ಗಾಡಿಗಳ ಜತೆಗೇ ಇದ್ದರು.

ಬೈಬಲಿನ ಆಚೆಗೂ ಇದೇ ಕಥೆ. ಲೊರೆಂಜೊ ಎಂದರೆ ಕೈಪಿಡಿಯಲ್ಲಿ ಎಲೆಗಳ ಕಿರೀಟ. ಅಮೆರಿಕದ ಹಳ್ಳಿಗಾಡಿನ ಲೊರೆಂಜೊಗಳಿಗೂ ಇಟಲಿಗೂ ಏನು ಸಂಬಂಧ? ಲೊರೆಂಜೊ ಡೌ (1777–1834) ಎಂಬ ಮೆಥಡಿಸ್ಟ್ ಬೋಧಕ ತಲೆ ಕೆದರಿಕೊಂಡು, ಗಡ್ಡ ಬಿಟ್ಟು, ಊರೂರು ತಿರುಗಿ ಪ್ರವಚನ ಮಾಡಿದ. ಕೇಳಿದವರು ಹುಟ್ಟಿದ ಗಂಡುಮಗುವಿಗೆ ಅವನ ಹೆಸರಿಟ್ಟರು, ಕೆಲವರು ಡೌ ಸಮೇತ. ಎಬೆನೀಜರ್‌ನದು ಇದರ ತಿರುಗುಮುರುಗು. ಬೈಬಲಿನಲ್ಲಿ, ಗೆದ್ದ ಮೇಲೆ ಸಮುವೇಲ ನೆಟ್ಟ ‘ಸಹಾಯದ ಕಲ್ಲು’ ಅದು. 1843ರಲ್ಲಿ ಡಿಕನ್ಸ್ ಆ ಹೆಸರನ್ನು ಜಿಪುಣ ಸ್ಕ್ರೂಜ್‌ನ ತಲೆಗೆ ಕಟ್ಟಿದ, ಅಲ್ಲಿಗೆ ಕಲ್ಲು ಮರೆತು ಜಿಪುಣ ಉಳಿದ. ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಮನೆಗಳ ಎಬೆನೇಜರ್‌ಗಳಿಗೆ ಮಾತ್ರ ಆ ಮಸಿ ತಾಗಿಲ್ಲ.

ಈ ಹೆಸರುಗಳನ್ನು ಸವಿಯಬೇಕಾದರೆ ಅಮೆರಿಕದ 1850ರ ಜನಗಣತಿಯ ಹಾಳೆ ನೋಡಬೇಕು. ಅಲ್ಲಿಯತನಕ ಮನೆ ಯಜಮಾನನ ಹೆಸರೊಂದೇ ಬರೆದುಕೊಳ್ಳುತ್ತಿದ್ದರು; ಮನೆಮಂದಿಯ ಹೆಸರೆಲ್ಲ ಕಾಗದಕ್ಕೆ ಬಂದದ್ದು ಆಗ. ಹುಟ್ಟಿದ ಸೀಮೆಯ ಕಾಲಂ ಮೇಲೆ ಕಣ್ಣಾಡಿಸಿದರೆ ಗಾಡಿ ಹೋದ ದಾರಿಯೇ ಸಿಗುತ್ತದೆ: ಅಪ್ಪ ನ್ಯೂಯಾರ್ಕ್, ದೊಡ್ಡವನು ಒಹಾಯೊ, ನಡುವಿನವನು ಇಂಡಿಯಾನಾ, ತೊಟ್ಟಿಲ ಕೂಸು ಅಯೋವಾ. ಗುಲಾಮರಿಗೆ ಬೇರೆ ಹಾಳೆ. ಒಡೆಯನ ಹೆಸರು, ಅದರ ಕೆಳಗೆ ಸಾಲಾಗಿ ವಯಸ್ಸು, ಲಿಂಗ, ಬಣ್ಣ. ಅವರ ಹೆಸರಿಗೆ ಕಾಲಮ್ಮೇ ಇಲ್ಲ.

ನನ್ನ ಮೆಚ್ಚಿನ ಹೆಸರು ಇವ್ಯಾವುವೂ ಅಲ್ಲ, ಅಲ್ಮಾಂಜೊ. ಅಮೆರಿಕದ ಕಾದಂಬರಿಕಾರ್ತಿ ಲಾರಾ ಇಂಗಲ್ಸ್ ವೈಲ್ಡರ್‌ಳನ್ನು ಓದಿದವರಿಗೆ ಅವಳ ಗಂಡನ ಪರಿಚಯ ಬೇಡ. 1857ರಲ್ಲಿ ನ್ಯೂಯಾರ್ಕಿನ ಮಲೋನ್ ಬಳಿ ಹುಟ್ಟಿ, ಡಕೋಟಾದಲ್ಲಿ ಗೋಧಿ ಬೆಳೆಯಲು ಬಂದು, 1885ರಲ್ಲಿ ಲಾರಾಳನ್ನು ಮದುವೆಯಾದವನು. ಇದೆಂಥ ಹೆಸರು ಎಂದು ಆಕೆ ಕೇಳುವ ಪ್ರಸಂಗ ಆಕೆಯದೇ 1941ರ ಕಾದಂಬರಿ ‘ಲಿಟಲ್ ಟೌನ್ ಆನ್ ದ ಪ್ರೇರಿ’ಯಲ್ಲಿದೆ. ಕ್ರುಸೇಡಿಗೆ ಹೋದ ಪೂರ್ವಜನೊಬ್ಬನ ಪ್ರಾಣವನ್ನು ಎಲ್ ಮನ್ಸೂರ್ ಎಂಬ ಅರಬ ಉಳಿಸಿದನಂತೆ; ಅಂದಿನಿಂದ ವಂಶದಲ್ಲಿ ಒಬ್ಬ ಅಲ್ಮಾಂಜೊ ಇರಲೇಬೇಕಂತೆ. ನಮ್ಮ ಶಿವಾಜಿನಗರದಲ್ಲಿ ಮನ್ಸೂರ್ ಎಂದು ಕೂಗಿದರೆ ನಾಲ್ವರು ತಿರುಗಿ ನೋಡುತ್ತಾರೆ. ದೇವರ ನೆರವಿನಿಂದ ಗೆದ್ದವನು ಎಂಬ ಅದೇ ಹೆಸರು ಗೋಧಿ ಹೊಲದ ಬಿಳಿಯ ರೈತನಿಗೆ! ಲಾರಾ ಮಾತ್ರ ಅವನನ್ನು ಮ್ಯಾನ್ಲಿ ಎನ್ನುತ್ತಿದ್ದಳು. ಅವನಿಗೆ ಲಾರಾ ಎಂಬ ಅಕ್ಕ ಇದ್ದುದರಿಂದ ಅವನು ಇವಳನ್ನು ಬೆಸ್ಸಿ ಎಂದ. 1889ರಲ್ಲಿ ಹುಟ್ಟಿದ ಅವರ ಒಬ್ಬನೇ ಮಗ ಹೆಸರಿಡುವ ಮೊದಲೇ ತೀರಿಕೊಂಡ.

ಕ್ರುಸೇಡಿನ ಕಥೆಯನ್ನು ನಾನು ನಂಬುವುದಿಲ್ಲ. 1670ರ ಹೊತ್ತಿಗೆ ಡ್ರೈಡನ್ ಲಂಡನ್ನಿನ ರಂಗಕ್ಕೆ ತಂದ ಗ್ರನಾಡಾ ನಾಟಕದ ವೀರನ ಹೆಸರು ಅಲ್ಮಾಂಜರ್. ಇಂಗ್ಲಿಷರ ಮನೆಯೊಳಗೆ ಈ ಹೆಸರು ನುಗ್ಗಿದ್ದು ಅಲ್ಲಿಂದಲೇ ಎಂಬುದು ನನ್ನ ವಾದ. ನ್ಯೂ ಇಂಗ್ಲೆಂಡಿನ ಪ್ಯೂರಿಟನ್ನರ ಸಂತಾನ ನಾಟಕವೆಂದರೆ ಮೂಗು ಮುರಿಯುತ್ತಿತ್ತು. ಮಗನ ಹೆಸರು ನಾಟಕದ್ದು ಎನ್ನುವುದಕ್ಕಿಂತ ಧರ್ಮಯುದ್ಧದ್ದು ಎಂದರೆ ಚರ್ಚಿನಲ್ಲಿ ಮರ್ಯಾದೆ ಹೆಚ್ಚು.